ಕೇಳುವವರಿಲ್ಲದ ನ್ಯಾಸ

ವರ್ತಕನ ಬಳಿ ಹಣವಿರಿಸಿ ಹೋದವನು ಬಹುಕಾಲದ ಮೇಲೆ ಬಂದು, ಇಟ್ಟ ಮೊತ್ತವನ್ನು ಮರೆತು ಕಡಿಮೆ ಕೇಳುತ್ತಾನೆ. ವರ್ತಕನು 'ಅಷ್ಟೇ ಸರಿ' ಎಂದು ಕೇಳಿದಷ್ಟನ್ನೇ ಕೊಡುತ್ತಾನೆ. ತತ್ತ್ವಾರ್ಥಸೂತ್ರವು ಇಂತಹ ನಡತೆಗೆ 'ನ್ಯಾಸಾಪಹಾರ'ವೆಂದು ಹೆಸರಿಟ್ಟು, ಅದನ್ನು ಅಚೌರ್ಯದ ಅತಿಚಾರಗಳಲ್ಲಿ ಎಣಿಸದೆ ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಇಟ್ಟವನು ಮರೆತರೂ ಇಟ್ಟದ್ದು ಕಡಿಮೆಯಾಗದು. ಹಾಗಾದರೆ ಕೇಳಲು ಯಾರೂ ಬಾರದ ನ್ಯಾಸದ ಗತಿಯೇನು?

ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಯಹೂದಿ ಸ್ಮಶಾನವು ಈ ವಿಚಾರಕ್ಕೆ ಎಡೆಮಾಡಿಕೊಡುತ್ತದೆ. ಆ ನೆಲವನ್ನು 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ದಾನವಾಗಿ ಕೊಟ್ಟರು. ಕೊಟ್ಟ ಅರಸರೂ ಇಲ್ಲ, ಅರಸೊತ್ತಿಗೆಯೂ ಇಲ್ಲ. ನಗರದಲ್ಲಿ ಯಹೂದಿ ಮನೆಗಳು ಬೆರಳೆಣಿಕೆಯಷ್ಟು. ಯಹೂದಿ ಧರ್ಮದಲ್ಲಿ ಸಮಾಧಿಯು ಸತ್ತವರಿಗೆ ಶಾಶ್ವತವಾಗಿ ಸೇರಿದ್ದು, ಅದನ್ನು ಕದಲಿಸುವಂತಿಲ್ಲ. ದರ್ಶನಕ್ಕೆ ಬಂದವರು ಗೋರಿಯ ಮೇಲೆ ಪುಟ್ಟ ಕಲ್ಲೊಂದನ್ನಿಟ್ಟು ಹೋಗುತ್ತಾರೆ. ಸತ್ತವರಿಗೆ ಮಾಡುವ ಸೇವೆಯೇ ನಿಜವಾದ ದಯೆ, ಏಕೆಂದರೆ ಅವರು ಅದನ್ನು ಹಿಂದಿರುಗಿಸಲಾರರು ಎಂಬುದು ಅವರ ಹಿರಿಯರ ವಿವೇಚನೆ.

ಕೇರಳದ ಮಾಳ ಎಂಬ ಊರಿನಲ್ಲಿ ನ್ಯಾಸದ ಪ್ರಶ್ನೆ ಇನ್ನೂ ನೇರವಾಗಿ ಎದುರಾಯಿತು. 1955ರಲ್ಲಿ ಇಸ್ರೇಲಿಗೆ ಹೊರಟ ಯಹೂದಿಗಳು ತಮ್ಮ ಪ್ರಾರ್ಥನಾ ಮಂದಿರವನ್ನೂ ಸ್ಮಶಾನವನ್ನೂ ಕರಾರಿನ ಮೂಲಕ ಪಂಚಾಯತಿಗೆ ಒಪ್ಪಿಸಿ ಹೋದರು. ಕಾಲಾಂತರದಲ್ಲಿ ಸ್ಮಶಾನದ ನೆಲದಲ್ಲಿ ಕ್ರೀಡಾಂಗಣದ ಕೆಲಸ ಆರಂಭವಾಗಿ ವಿವಾದವೆದ್ದಿತು.

ಇಲ್ಲೊಂದು ಆಕ್ಷೇಪ ಬರಬಹುದು. ದೇಹವನ್ನು ತೊರೆದ ಜೀವವು ಕರ್ಮಾನುಸಾರ ಬೇರೊಂದು ಗತಿಯನ್ನು ಸೇರುತ್ತದೆ. ಗೋರಿಯಿಂದ ಅದಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹಾಗಿರುವಾಗ ಮಕ್ಕಳು ಆಡುವ ಬಯಲಿಗೆ ಆ ನೆಲ ಒದಗಿದರೆ ತಪ್ಪೇನು? ಆಕ್ಷೇಪದ ಮೊದಲರ್ಧ ಸತ್ಯ. ಮಕ್ಕಳಿಗೆ ಬಯಲು ಬೇಕೆಂಬುದೂ ನಿಜವೇ. ಆದರೆ ನ್ಯಾಸವನ್ನು ಕಾಯುವುದು ಇಟ್ಟವನ ಲಾಭಕ್ಕಾಗಿ ಮಾತ್ರವಲ್ಲ, ಕಾಯುವವನ ಮಾತು ಸುಳ್ಳಾಗದಿರಲೆಂದು. ಅತಿಚಾರದ ಕಲೆ ಹತ್ತುವುದು ಸತ್ತವನಿಗಲ್ಲ, ಬದುಕಿರುವವನಿಗೆ. ಕೇಳುವವನಿದ್ದಾಗ ಭಯವೂ ಪ್ರಾಮಾಣಿಕತೆಯಂತೆ ತೋರಬಹುದು. ಅವನಿಲ್ಲದಾಗಲೇ ವ್ರತದ ಪರೀಕ್ಷೆ.

ಇದು ಪರರ ಮಾತು ಮಾತ್ರವಲ್ಲ. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಇಂದು ಒಂದು ಜೈನ ಮನೆಯೂ ಇಲ್ಲ. ಆದರೂ ಸಲ್ಲೇಖನದಿಂದ ದೇಹತ್ಯಾಗ ಮಾಡಿದವರ ನಿಷಿಧಿಗಲ್ಲುಗಳು ಹೊಲದ ಬದುವಿನಲ್ಲೋ ಕೆರೆಯ ಏರಿಯಲ್ಲೋ ನಿಂತಿವೆ. ಶಾಸನವನ್ನು ಓದಲಾರದ ರೈತನು ಕಲ್ಲನ್ನು ಕೀಳದೆ, ನೇಗಿಲನ್ನು ಬಳಸಿಕೊಂಡು ಹೋದದ್ದರಿಂದಲೇ ಅವು ಉಳಿದಿವೆ. ಆ ಉಪಕಾರವನ್ನು ಪಡೆದ ಸಮಾಜವು ಅನ್ಯರ ಸಮಾಧಿಗಳ ವಿಷಯದಲ್ಲಿ ಉದಾಸೀನವಾಗಿರುವುದು ಸಲ್ಲದು.

ಟ್ರಸ್ಟ್ ಎಂಬುದಕ್ಕೂ ಕನ್ನಡದಲ್ಲಿ ನ್ಯಾಸವೆಂದೇ ಹೆಸರು. ಬಸದಿಗೆ ಬಿಟ್ಟ ಜಮೀನಿನ ದಾನಿಯ ವಂಶ ಮುಗಿದಿರಬಹುದು, ಶಾಶ್ವತ ಪೂಜೆಗೆ ಹಣವಿಟ್ಟವರನ್ನು ಬಲ್ಲವರು ಯಾರೂ ಉಳಿದಿರಲಾರರು. ಆದ್ದರಿಂದ ಪ್ರತಿಯೊಂದು ನ್ಯಾಸದ ಉದ್ದೇಶ, ಚಕ್ಕುಬಂದಿ ಮತ್ತು ಮೊತ್ತವನ್ನು ವರ್ಷಕ್ಕೊಮ್ಮೆ ಸಭೆಯಲ್ಲಿ ಓದಿ ಹೇಳುವ ಪದ್ಧತಿಯನ್ನು ಟ್ರಸ್ಟುಗಳು ಇರಿಸಿಕೊಳ್ಳಬೇಕು. ಕೇಳುವವರಿಲ್ಲದಿದ್ದರೂ ಲೆಕ್ಕ ಒಪ್ಪಿಸುವುದೇ ಶ್ರಾವಕಧರ್ಮ.