ತಿಥಿ ನಿರ್ಣಯ: ಗಣಿತದ ಅಂದಾಜು, ಧರ್ಮದ ನಿಶ್ಚಯ

ತಿಥಿಯೆಂದರೆ ಸೂರ್ಯನಿಂದ ಚಂದ್ರ ಎಷ್ಟು ಮುಂದೆ ಸರಿದಿದ್ದಾನೆ ಎಂಬುದರ ಅಳತೆ. ಭೂಮಿಯಿಂದ ಕಾಣುವ ಈ ಕೋನಾಂತರ 12 ಅಂಶ ಬೆಳೆದಾಗಲೆಲ್ಲ ಒಂದು ತಿಥಿ ಮುಗಿಯುತ್ತದೆ; 360 ಅಂಶಕ್ಕೆ 30 ತಿಥಿ, ಅಲ್ಲಿಗೆ ಒಂದು ಚಾಂದ್ರಮಾಸ. ಕೋನ ಎಡೆಬಿಡದೆ ಬೆಳೆಯುತ್ತಿರುತ್ತದೆ. ಉಪವಾಸ, ಪಾರಣೆ, ಶ್ರಾದ್ಧಗಳಾದರೋ ಇಂದು ಇಲ್ಲವೆ ನಾಳೆ ಎಂದು ದಿನಕ್ಕೆ ಕಟ್ಟುಬಿದ್ದಿವೆ. ಅಳತೆಯಲ್ಲಿ ಸದಾ ಅಷ್ಟಿಷ್ಟು ಅಂದಾಜು ಉಳಿದೇ ಇರುತ್ತದೆ. ಆಚರಣೆ ಕೇಳುವುದು ಸಂದೇಹವಿಲ್ಲದ ಉತ್ತರವನ್ನು. ಅಂದಾಜಿನಿಂದ ಹುಟ್ಟಿದ ಸಮಯ ಪುಣ್ಯಕಾಲವಾಗಬಲ್ಲದೆ ಎಂಬ ಪ್ರಶ್ನೆ ಎದುರಾಗುವುದು ಇಲ್ಲಿಯೇ.

ಬೆಂಗಳೂರಿನ ಪಶ್ಚಿಮದ ಚಂದ್ರಾ ಲೇಔಟಿನಂಥ ಬಡಾವಣೆಯಲ್ಲಿ ಈ ಪ್ರಶ್ನೆ ಮನೆಮನೆಯದು. ಸ್ಮಾರ್ತರು, ಮಾಧ್ವರು, ಶ್ರೀವೈಷ್ಣವರು ಒಂದೇ ಬೀದಿಯಲ್ಲಿ ನೆಲೆಸಿರುವ ಕಡೆ, ಕೆಲವು ತಿಂಗಳು ಒಂದು ಮನೆಯ ಏಕಾದಶಿ ಮುಗಿದ ಮರುದಿನ ಪಕ್ಕದ ಮನೆಯಲ್ಲಿ ಉಪವಾಸ. ಇದಕ್ಕೆ ಎರಡು ಬೇರೆಬೇರೆ ಕಾರಣಗಳಿವೆ. ಒಂದು, ನಿಯಮದ ಭೇದ. ಸ್ಮಾರ್ತರು ಸಾಮಾನ್ಯವಾಗಿ ಸೂರ್ಯೋದಯದ ಹೊತ್ತಿನ ತಿಥಿಯನ್ನು ಹಿಡಿಯುತ್ತಾರೆ. ವೈಷ್ಣವರು ಅರುಣೋದಯವನ್ನು, ಎಂದರೆ ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಅಥವಾ 96 ನಿಮಿಷ ಮೊದಲಿನ ಹೊತ್ತನ್ನು ನೋಡುತ್ತಾರೆ. ಆಗ ದಶಮಿ ಉಳಿದಿದ್ದರೆ ಆ ಏಕಾದಶಿ ವಿದ್ಧವಾಯಿತೆಂದು ಉಪವಾಸವನ್ನು ದ್ವಾದಶಿಗೆ ಒಯ್ಯುತ್ತಾರೆ. ಎರಡನೆಯದು, ಗಣಿತದ ಭೇದ. ನಿಯಮ ಒಂದೇ ಆಗಿದ್ದರೂ ದಶಮಿ ಮುಗಿಯುವ ಕ್ಷಣವನ್ನು ಎರಡು ಪಂಚಾಂಗಗಳು ಬೇರೆಬೇರೆಯಾಗಿ ಹೇಳಬಹುದು.

ಆ ಕ್ಷಣವನ್ನು ಕಂಡುಹಿಡಿಯುವ ಕ್ರಮ ಹೀಗಿದೆ. ಒಂದು ಗೊತ್ತಾದ ಆದಿದಿನದಿಂದ ಎಷ್ಟು ದಿನ ಕಳೆದಿವೆ ಎಂದು ಎಣಿಸಿದರೆ ಅಹರ್ಗಣ ಸಿಗುತ್ತದೆ. ಅದನ್ನು ದಿನಗತಿಯಿಂದ ಗುಣಿಸಿದರೆ ಸೂರ್ಯ ಚಂದ್ರರ ಮಧ್ಯಮ ಸ್ಥಾನಗಳು ಬರುತ್ತವೆ. ಮಧ್ಯಮ ಗತಿಯಲ್ಲಿ ಚಂದ್ರ ದಿನಕ್ಕೆ ಸುಮಾರು 13 ಅಂಶ 11 ಕಲೆ (60 ಕಲೆಗೆ ಒಂದು ಅಂಶ), ಸೂರ್ಯ ಸುಮಾರು 59 ಕಲೆ ನಡೆಯುತ್ತಾರೆ. ಆದರೆ ಇಬ್ಬರ ನಡೆಯೂ ಏಕರೂಪವಲ್ಲ. ಆದ್ದರಿಂದ ಮಂದಫಲವೆಂಬ ಸಂಸ್ಕಾರ ಮಾಡಿ ಸ್ಪಷ್ಟ ಸ್ಥಾನ ಪಡೆಯಬೇಕು. ಸೂರ್ಯೋದಯ 6 ಗಂಟೆಗಿದ್ದು ಆಗಿನ ಕೋನಾಂತರ 127 ಅಂಶವೆಂದು ಇಟ್ಟುಕೊಳ್ಳೋಣ. ಹತ್ತು ತಿಥಿಗಳು ಕಳೆದು ಹನ್ನೊಂದನೆಯದು ನಡೆಯುತ್ತಿದೆ. ಅದು ಮುಗಿಯಲು ಇನ್ನು 5 ಅಂಶ ಬೇಕು. ಕೋನಾಂತರ ದಿನಕ್ಕೆ ಹನ್ನೆರಡೂವರೆ ಅಂಶ ಬೆಳೆಯುತ್ತಿದ್ದರೆ ಉತ್ತರ 24 ಘಳಿಗೆ, ಎಂದರೆ ಮಧ್ಯಾಹ್ನ 3 ಗಂಟೆ 36 ನಿಮಿಷ. ಅಷ್ಟರಲ್ಲಿ ಚಂದ್ರನ ವೇಗವೇ ಬದಲಾಗಿರುವುದರಿಂದ ಇದು ಮೊದಲ ಅಂದಾಜು ಮಾತ್ರ. ಆ ಹೊತ್ತಿಗೆ ಮತ್ತೆ ಸ್ಥಾನ ಗಣಿಸಿದಾಗ 132 ಅಂಶ 4 ಕಲೆ ಬಂತೆಂದರೆ ತಿಥಿ ಆಗಲೇ ಮುಗಿದಿದೆ. ಸುಮಾರು 8 ನಿಮಿಷ ಹಿಂದೆ ಬರಬೇಕು. ಉತ್ತರ ಅಲುಗದೆ ನಿಲ್ಲುವವರೆಗೆ ಇದನ್ನೇ ಮರಳಿ ಮರಳಿ ಮಾಡಬೇಕು.

ಹೀಗೆ ಆವರ್ತಿಸುವುದನ್ನು ಭಾರತೀಯ ಜ್ಯೋತಿರ್ಗಣಿತ ಅಸಕೃತ್ಕರ್ಮ ಎನ್ನುತ್ತದೆ. 7ನೇ ಶತಮಾನದ ಒಂದನೆಯ ಭಾಸ್ಕರನ ಗ್ರಂಥಗಳಲ್ಲೇ ಇದರ ಬಳಕೆಯಿದೆ. 1150ರಲ್ಲಿ ಸಿದ್ಧಾಂತ ಶಿರೋಮಣಿಯನ್ನು ರಚಿಸಿದ ಎರಡನೆಯ ಭಾಸ್ಕರಾಚಾರ್ಯ ಇನ್ನೂ ಮುಂದೆ ಹೋದ. ಚಂದ್ರನ ವೇಗ ಕ್ಷಣಕ್ಷಣಕ್ಕೂ ಬದಲಾಗುವುದರಿಂದ, ತಿಥಿಯ ಅಂತ್ಯ ಸಮೀಪದಲ್ಲಿದ್ದಾಗ ಇಡೀ ದಿನದ ಗತಿಯನ್ನು ಬಿಟ್ಟು ತಾತ್ಕಾಲಿಕ ಗತಿಯನ್ನು ಹಿಡಿಯಬೇಕೆಂದು ವಿಧಿಸಿ, ಅದನ್ನು ಪಡೆಯುವ ಸೂತ್ರವನ್ನೂ ಕೊಟ್ಟ. ಆ ಕ್ಷಣದ ವೇಗದಿಂದ ಅಂದಾಜನ್ನು ತಿದ್ದುವ ಇಂಥದೇ ವಿಚಾರ 17ನೇ ಶತಮಾನದ ಯೂರೋಪಿನಲ್ಲಿ ಮೂಡಿದ ನ್ಯೂಟನ್ ಮತ್ತು ರಾಫ್ಸನ್ ಹೆಸರಿನ ವಿಧಾನದ ತಿರುಳೂ ಹೌದು. ಇಂದು ಎಂಜಿನಿಯರಿಂಗ್ ಕಾಲೇಜುಗಳ ಸಂಖ್ಯಾತ್ಮಕ ವಿಧಾನಗಳ ಪಾಠದಲ್ಲಿ ಅದೂ ಸೇರಿದೆ.

ಆವರ್ತನೆ ಎಷ್ಟೇ ನಿಖರವಾಗಿದ್ದರೂ, ಮೂಲ ಸೂತ್ರದಲ್ಲಿ ಇಲ್ಲದ್ದನ್ನು ಅದು ತುಂಬಿಕೊಡಲಾರದು. ಸೂರ್ಯಸಿದ್ಧಾಂತ ಚಂದ್ರನಿಗೆ ಒಂದೇ ಸಂಸ್ಕಾರ ಹೇಳುತ್ತದೆ. ಅದರ ಪರಮಾವಧಿ ಸುಮಾರು 5 ಅಂಶ. ನಿಜದಲ್ಲಿ ಮೊದಲ ಸಂಸ್ಕಾರ ಸುಮಾರು 6.3 ಅಂಶದಷ್ಟಿದ್ದು, ಸೂರ್ಯನ ಸೆಳೆತದಿಂದ ಸುಮಾರು 1.3 ಅಂಶದ ಇನ್ನೊಂದು ಸೇರುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಎರಡನೆಯದು ಮೊದಲನೆಯದನ್ನು ತಗ್ಗಿಸಿ ಒಟ್ಟು 5 ಅಂಶಕ್ಕೇ ತಂದು ನಿಲ್ಲಿಸುತ್ತದೆ. ಹಳೆಯ ಸೂತ್ರ ಗ್ರಹಣಗಳಿಗೆ ಚೆನ್ನಾಗಿ ಹೊಂದುವುದು ಇದರಿಂದಲೇ. ಅಷ್ಟಮಿಯ ಸುತ್ತಮುತ್ತ ಇವೆರಡೂ ಕೂಡಿಕೊಳ್ಳುತ್ತವೆ. ಆಗ ವ್ಯತ್ಯಾಸ ಎರಡು ಅಂಶವನ್ನೂ ದಾಟಬಹುದು. ಚಂದ್ರನ ಸ್ಥಾನದಲ್ಲಿ ಒಂದು ಅಂಶ ತಪ್ಪಿದರೆ ತಿಥಿಯ ಅಂತ್ಯ ಸುಮಾರು ಎರಡು ಗಂಟೆ ತಪ್ಪುತ್ತದೆ. ಹಳೆಯ ಗಣಿತದಲ್ಲಿ ತಿಥಿ 60 ಘಳಿಗೆಗಿಂತ ಹೆಚ್ಚೆಂದರೆ ಐದು ಘಳಿಗೆ ಬೆಳೆಯುತ್ತದೆ, ಆರು ಘಳಿಗೆ ಕುಗ್ಗುತ್ತದೆ. ಕಣ್ಣಿಗೆ ಕಾಣುವ ಸ್ಥಾನಕ್ಕೆ ಹೊಂದುವ ದೃಗ್ಗಣಿತದಲ್ಲಿ ಏಳು ಬೆಳೆದು ಹತ್ತು ಕುಗ್ಗುತ್ತದೆ. ಪಂಚಾಂಗಕರ್ತರ ವಾದಗಳಲ್ಲಿ ಬಾಣವೃದ್ಧಿ ರಸಕ್ಷಯ (ಬಾಣವೆಂದರೆ ಐದು, ರಸವೆಂದರೆ ಆರು) ಎಂದು ಪ್ರಸಿದ್ಧವಾಗಿರುವುದು ಈ ಹಳೆಯ ಮಿತಿಯೇ.

ಈ ಅಂತರವನ್ನು ತುಂಬಲು ಕರ್ನಾಟಕದಲ್ಲೂ ದೊಡ್ಡ ಪ್ರಯತ್ನ ನಡೆಯಿತು. ಗಣೇಶ ದೈವಜ್ಞನ 1520ರ ಗ್ರಹಲಾಘವ ಜ್ಯಾಕೋಷ್ಟಕವಿಲ್ಲದೆಯೇ ಗ್ರಹಸ್ಥಾನ ತೆಗೆಯುವ ಸುಲಭ ಸೂತ್ರಗಳನ್ನು ಕೊಟ್ಟು ಮಹಾರಾಷ್ಟ್ರ, ಉತ್ತರ ಕರ್ನಾಟಕಗಳಲ್ಲಿ ಪಂಚಾಂಗಕರ್ತರ ಕೈಪಿಡಿಯಾಗಿತ್ತು. ಬಾಗಲಕೋಟೆಯಲ್ಲಿ ಶಿಕ್ಷಕರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರು 19ನೇ ಶತಮಾನದ ಕೊನೆಯಲ್ಲಿ ಯೂರೋಪಿನ ಹೊಸ ಕೋಷ್ಟಕಗಳ ನಿಖರತೆಯನ್ನು ಸಂಸ್ಕೃತದ ಜ್ಯೋತಿರ್ಗಣಿತ ಎಂಬ ಗ್ರಂಥಕ್ಕೆ ತಂದರು. ಪಂಚಾಂಗ ಗಣಿಸುವವರು ತಮ್ಮ ಪರಿಚಿತ ಪದ್ಧತಿಯಲ್ಲೇ ದೃಕ್ಸಾಮ್ಯ, ಎಂದರೆ ಗಣನೆ ಮತ್ತು ದೃಷ್ಟಿಗಳ ಹೊಂದಿಕೆ ಪಡೆಯಲು ಅದರಿಂದ ದಾರಿಯಾಯಿತು. 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿ ದೇಶಕ್ಕೆಲ್ಲ ಆಧುನಿಕ ಗಣಿತವನ್ನೇ ಶಿಫಾರಸು ಮಾಡಿತು. ಬೆಂಗಳೂರಿನ ಗಣಿತಜ್ಞ ಎಸ್. ಬಾಲಚಂದ್ರ ರಾವ್ ಅವರು ಸೂರ್ಯಸಿದ್ಧಾಂತ, ಗ್ರಹಲಾಘವಗಳ ಕ್ರಮಗಳನ್ನು ಉದಾಹರಣೆಗಳ ಸಮೇತ ಇಂದಿನ ಓದುಗರಿಗೆ ಬಿಡಿಸಿಟ್ಟಿದ್ದಾರೆ.

ಆದರೂ ಹಲವು ಪರಂಪರೆಗಳು ಹಳೆಯ ಗಣಿತವನ್ನೇ ಅನುಸರಿಸುತ್ತವೆ. ಇದನ್ನು ಬರಿಯ ಹಟವೆನ್ನುವುದು ನ್ಯಾಯವಲ್ಲ. ಅವರ ವಾದ ಹೀಗಿದೆ: ಗ್ರಹಣ, ಉದಯಾಸ್ತಗಳು ಕಣ್ಣಿಗೆ ಕಾಣುತ್ತವೆ, ಅವಕ್ಕೆ ದೃಗ್ಗಣಿತ ಬೇಕು, ತಿಥಿ ಕಾಣದ ವಸ್ತು, ಅದರ ಫಲವೂ ಅದೃಷ್ಟ. ಆದ್ದರಿಂದ ಶಾಸ್ತ್ರ ಹೇಳಿದ ಕ್ರಮದಿಂದ ಬಂದದ್ದೇ ಶಾಸ್ತ್ರೀಯ ತಿಥಿ. ಗುರುಪರಂಪರೆಯ ಐಕ್ಯ, ಎಲ್ಲರೂ ಒಂದೇ ದಿನ ವ್ರತ ಹಿಡಿಯುವ ಸಾಮೂಹಿಕತೆ ಈ ನಿಲುವಿನ ಬಲ.

ಇದಕ್ಕೆ ಉತ್ತರವೂ ಪರಂಪರೆಯ ಒಳಗಿನಿಂದಲೇ ಬಂದಿದೆ. ಗಣನೆ ಮತ್ತು ದೃಷ್ಟಿ ಹೊಂದಬೇಕೆಂಬ ಆಶಯ ಸೂರ್ಯಸಿದ್ಧಾಂತದಲ್ಲೇ ಇದೆ. ಕಾಲಕಾಲಕ್ಕೆ ಬೀಜಸಂಸ್ಕಾರವನ್ನು, ಎಂದರೆ ಮೂಲ ಅಂಕಿಗಳ ತಿದ್ದುಪಡಿಯನ್ನು ಮಾಡುತ್ತ ಬಂದವರೂ ಆ ಸಿದ್ಧಾಂತವನ್ನು ಗೌರವಿಸಿದವರೇ. ಕೇರಳದ ಪರಮೇಶ್ವರ ಗ್ರಹಣಗಳನ್ನು ದೀರ್ಘಕಾಲ ವೀಕ್ಷಿಸಿ 1431ರಲ್ಲಿ ದೃಗ್ಗಣಿತವನ್ನು ರಚಿಸಿದ. ನೀಲಕಂಠ ಸೋಮಯಾಜಿ ತನ್ನ ಜ್ಯೋತಿರ್ಮೀಮಾಂಸೆಯಲ್ಲಿ ವೀಕ್ಷಣೆಯಿಂದ ಗಣಿತವನ್ನು ತಿದ್ದುವುದೇ ಸರಿಯೆಂದು ವಾದಿಸಿದ. ಮೀಮಾಂಸೆಯ ದೃಷ್ಟಿಯಲ್ಲಿ ಶಬ್ದಪ್ರಮಾಣದ ಕ್ಷೇತ್ರ ಪ್ರತ್ಯಕ್ಷ, ಅನುಮಾನಗಳು ತಲುಪಲಾರದ ವಿಷಯ. ಏಕಾದಶಿಯಂದು ಉಪವಾಸ ಮಾಡಬೇಕೆಂಬುದನ್ನು ಯಾವ ದೂರದರ್ಶಕವೂ ಹೇಳಲಾರದು. ಅಲ್ಲಿ ಶಾಸ್ತ್ರವೇ ಪ್ರಮಾಣ. ಏಕಾದಶಿ ಯಾವಾಗ ಎಂಬುದು ಸೂರ್ಯ ಚಂದ್ರರ ನಡುವಿನ ಕೋನದ ಮಾತು. ಅದು ಅಳೆದು ತಿಳಿಯುವಂಥದು. ಸೂರ್ಯಗ್ರಹಣದಲ್ಲಿ ಕಾಣುವುದು ಅಮಾವಾಸ್ಯೆಯ ಅಂತ್ಯವೇ ಆದ್ದರಿಂದ, ತಿಥಿ ಪೂರ್ತಿ ಅಗೋಚರವೆನ್ನುವುದೂ ನಿಲ್ಲುವುದಿಲ್ಲ.

ಹಾಗೆಂದು ಆಧುನಿಕ ಗಣಿತ ಅಂದಾಜಿನಿಂದ ಮುಕ್ತವಲ್ಲ. ಸೂರ್ಯ, ಭೂಮಿ, ಚಂದ್ರ ಮೂವರೂ ಪರಸ್ಪರ ಸೆಳೆಯುವಾಗಿನ ಚಲನೆಗೆ ಸರಳ ಸೂತ್ರದ ಪೂರ್ಣ ಪರಿಹಾರ ಸಿಗುವುದಿಲ್ಲ. ಕಾಲವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಕಂಪ್ಯೂಟರ್ ಮುಂದಿನ ಸ್ಥಾನವನ್ನು ಗಣಿಸುತ್ತ ಹೋಗುತ್ತದೆ. ಚಂದ್ರಾ ಲೇಔಟಿನಿಂದ ಕೆಂಗೇರಿ ದಾಟಿ ಹೋದರೆ ಸಿಗುವ ಬ್ಯಾಲಾಳುವಿನ ಇಸ್ರೋ ಕೇಂದ್ರದ 32 ಮೀಟರ್ ಆ್ಯಂಟೆನಾ ಚಂದ್ರಯಾನಗಳ ಸಂಕೇತ ಹಿಡಿದದ್ದೂ, ಆ ಅಳತೆಗಳಿಂದ ನೌಕೆಯ ಪಥವನ್ನು ಮತ್ತೆ ಮತ್ತೆ ತಿದ್ದಿ ನಿರ್ಧರಿಸಿದ್ದೂ ಈ ಬಗೆಯ ಗಣಿತದ ಬಲದಿಂದ. ಚಂದ್ರಯಾನ-3 ಇಳಿದ 2023ರ ಆಗಸ್ಟ್ 23 ನಿಜ ಶ್ರಾವಣ ಶುಕ್ಲ ಸಪ್ತಮಿ. ಇಳಿಯುವ ತಾಣದಲ್ಲಿ ಬೆಳಗಾಗಿರಬೇಕೆಂದು ದಿನ ಗೊತ್ತುಮಾಡಿದಾಗ ಲೆಕ್ಕಕ್ಕೆ ಬಂದದ್ದೂ ತಿಥಿ ಅಳೆಯುವ ಸೂರ್ಯ ಚಂದ್ರರ ಅದೇ ಅಂತರ. ಹಳೆಯದು, ಹೊಸದು ಎರಡೂ ಅಂದಾಜುಗಳೇ. ಹೊಸದರ ಹೆಚ್ಚುಗಾರಿಕೆಯೆಂದರೆ ತಾನೆಷ್ಟು ತಪ್ಪಬಹುದೆಂಬ ಮಿತಿಯನ್ನು ಅದು ಹೇಳಬಲ್ಲದು. 499ರಲ್ಲಿ ಆರ್ಯಭಟ ಪರಿಧಿ ವ್ಯಾಸಗಳ ಅನುಪಾತಕ್ಕೆ 3.1416 ಕೊಟ್ಟಾಗ ಅದು ಸಮೀಪದ ಬೆಲೆಯಷ್ಟೇ ಎಂದು ತಾನೇ ಹೇಳಿದ್ದ. ಅದೂ ಇದೇ ಪ್ರಾಮಾಣಿಕತೆ.

ಗಣಿತ ಸರಿಯಾದ ಮೇಲೂ ಸ್ಥಳದ ಪ್ರಶ್ನೆ ಉಳಿಯುತ್ತದೆ. ತಿಥಿ ಮುಗಿಯುವ ಕ್ಷಣ ಲೋಕಕ್ಕೆಲ್ಲ ಒಂದೇ, ಸೂರ್ಯೋದಯ ಊರೂರಿಗೆ ಬೇರೆ. ಚಂದ್ರಾ ಲೇಔಟ್ ಪೂರ್ವ ರೇಖಾಂಶ ಸುಮಾರು 77.5 ಅಂಶದಲ್ಲಿದೆ, ಭಾರತೀಯ ಕಾಲಮಾನದ 82.5 ಅಂಶಕ್ಕಿಂತ ಅಲ್ಲಿನ ಸ್ಥಳೀಯ ಕಾಲ ಸುಮಾರು 20 ನಿಮಿಷ ಹಿಂದು. ಉಡುಪಿಯ ಕಾಲ ಅದಕ್ಕಿಂತ ಇನ್ನೂ 11 ನಿಮಿಷ ಹಿಂದು. ಉದಯವೆಂದರೆ ಬಿಂಬದ ನಡು ದಿಗಂತಕ್ಕೆ ಬರುವುದೋ, ವಾತಾವರಣದ ವಕ್ರೀಭವನವನ್ನೂ ಸೇರಿಸಿ ಮೇಲಂಚು ಕಾಣುವುದೋ ಎಂಬುದರಿಂದಲೇ ಸುಮಾರು ಮೂರೂವರೆ ನಿಮಿಷದ ವ್ಯತ್ಯಾಸ. ದಶಮಿ ಅರುಣೋದಯಕ್ಕೆ ಒಂದೆರಡು ನಿಮಿಷ ಮೊದಲು ಮುಗಿಯುವ ದಿನ ಇಂಥ ಸಣ್ಣ ಅಂತರವೇ ಇಡೀ ಉಪವಾಸವನ್ನು ಒಂದು ದಿನ ಸರಿಸಬಲ್ಲದು. ಕೋನ ಅವಿಚ್ಛಿನ್ನ, ಆಚರಣೆ ಹೌದು ಅಲ್ಲಗಳದು. ಗಡಿಯ ಬಳಿ ಅಳತೆಯ ದೋಷ ಹಿಗ್ಗುವುದು ಯಾವ ನಿಖರತೆಯಿಂದಲೂ ಪೂರ್ತಿ ನೀಗದು.

ಆದ್ದರಿಂದ ಎರಡು ಕೆಲಸಗಳನ್ನು ಬೇರೆಯಾಗಿ ಇಡಬೇಕು. ತಿಥಿಯ ಅಂತ್ಯವನ್ನು ತಿಳಿದಷ್ಟೂ ನಿಖರವಾಗಿ ಹೇಳುವುದು ಗಣಿತದ ಹೊಣೆ. ಪಂಚಾಂಗ ತನ್ನ ಸಿದ್ಧಾಂತ, ಊರು, ಉದಯದ ವ್ಯಾಖ್ಯೆ, ದೋಷದ ಮಿತಿಗಳನ್ನು ಅಚ್ಚುಹಾಕಿದರೆ ಆ ಹೊಣೆ ತೀರುತ್ತದೆ. ಆ ಮಿತಿಯೊಳಗೆ ಸಂದೇಹ ಉಳಿದಾಗ ದಿನವನ್ನು ನಿಶ್ಚಯಿಸುವುದು ಧರ್ಮಶಾಸ್ತ್ರದ ಹೊಣೆ. ಸಂದೇಹದ ದಿನಗಳಿಗಾಗಿಯೇ ನಿರ್ಣಯ ಗ್ರಂಥಗಳು ಬೆಳೆದು ಬಂದಿವೆ. ಅಂದಾಜು ಅಸತ್ಯವಲ್ಲ, ತಪ್ಪು ತಿಳಿದ ಮೇಲೂ ತಿದ್ದದಿರುವುದೇ ಸತ್ಯಕ್ಕೆ ದೂರ. ಒಂದೇ ಬೀದಿಯಲ್ಲಿ ಎರಡು ಏಕಾದಶಿ ಬಂದರೆ ಅದು ನಿಯಮಭೇದದಿಂದ ಬಂದಿರಲಿ. ಅದಕ್ಕೆ ಶಾಸ್ತ್ರದ ಆಧಾರವಿದೆ. ಕೂಡಿಸಿ ಕಳೆಯುವುದರಲ್ಲಿ ಉಳಿದ ದೋಷಕ್ಕೆ ಅಂಥ ಆಧಾರ ಯಾವುದೂ ಇಲ್ಲ.