ಯಾರ ಋಣದಲ್ಲಿ ಸ್ವತಂತ್ರ?

‘ಸ್ವತಂತ್ರ ನಿರ್ದೇಶಕ’ ಎಂಬ ಮಾತು ಕೇಳಿದಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತದೆ: ಯಾವುದರಿಂದ ಸ್ವತಂತ್ರ? ಕವಿಗೆ ಕಾಗದ, ಪೆನ್ನು ಇದ್ದರೆ ಸಾಕು. ಸಿನಿಮಾಕ್ಕೆ ಕ್ಯಾಮೆರಾ, ಲ್ಯಾಬು, ಹತ್ತಾರು ಜನರ ಊಟದ ಖರ್ಚು ಬೇಕು. ಇಲ್ಲಿ ಋಣವಿಲ್ಲದವರು ಯಾರೂ ಇಲ್ಲ. ಯಾರ ಋಣಕ್ಕೆ ಬೀಳಬೇಕು ಎಂಬ ಆಯ್ಕೆಯಷ್ಟೇ ನಮ್ಮ ಕೈಯಲ್ಲಿರುವುದು.

ಮಲಯಾಳಂನ ಜಾನ್ ಅಬ್ರಹಾಂ ಈ ಆಯ್ಕೆಯನ್ನು ಕೊನೆಯವರೆಗೂ ಬೆನ್ನಟ್ಟಿದವರು. ಬಳ್ಳಾರಿಯ ಎಲ್‌ಐಸಿ ನೌಕರಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿ, ಋತ್ವಿಕ್ ಘಟಕ್ ಅವರ ಶಿಷ್ಯರಾದರು. 1977ರ ತಮಿಳು ಚಿತ್ರ ‘ಅಗ್ರಹಾರತ್ತಿಲ್ ಕಳುದೈ’ಗೆ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ ಗೆಳೆಯರೊಂದಿಗೆ ‘ಒಡೆಸ್ಸಾ’ ಎಂಬ ಕೂಟ ಕಟ್ಟಿ, ಕೇರಳದ ಊರೂರು ಸುತ್ತಿ, ಸಿನಿಮಾ ತೋರಿಸಿ, ಜನರ ಮುಂದೆ ಕೈಚಾಚಿದರು. ಹಾಗೆ ಕೂಡಿದ ಹಣದಿಂದ 1986ರಲ್ಲಿ ‘ಅಮ್ಮ ಅರಿಯಾನ್’ ಬಂತು. ಸತ್ತ ಯುವಕನ ಸುದ್ದಿಯನ್ನು ಅವನ ತಾಯಿಗೆ ತಿಳಿಸಲು ಒಬ್ಬ ಹೊರಡುತ್ತಾನೆ. ದಾರಿಯುದ್ದಕ್ಕೂ ಒಬ್ಬೊಬ್ಬರೇ ಜೊತೆಗೂಡುತ್ತಾರೆ. ಹಣ ಕೂಡಿದ್ದೂ ಹಾಗೆಯೇ.

ಆದರೆ ಇದು ಸುಲಭದ ಚಿತ್ರವಲ್ಲ. ಕೂಲಿಯ ದುಡ್ಡಿನಲ್ಲಿ ಒಂದಿಷ್ಟು ಕೊಟ್ಟವನಿಗೆ ಇದು ರುಚಿಸದಿದ್ದರೆ? ಅವನ ನಂಬಿಕೆಗೆ ಮೋಸವಾದಂತಲ್ಲವೇ? ಈ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಲಕ್ಷ ಹಾಕಿದ ನಿರ್ಮಾಪಕ ‘ಹಾಡು ಸೇರಿಸಿ’ ಎನ್ನಬಹುದು. ಒಂದು ರೂಪಾಯಿ ಕೊಟ್ಟವನಿಗೆ ಆ ದನಿಯಿಲ್ಲ. ಸಾವಿರ ಜನಕ್ಕೆ ಹಂಚಿಹೋದ ಸಾಲ ನಿರ್ದೇಶಕನಿಗೆ ಹಗುರ ಎನಿಸಿಬಿಡುವ ಅಪಾಯವಿದೆ.

ನನಗನಿಸುವುದು, ಕೇಳುವವರಿಲ್ಲದ ಸಾಲವೇ ಹೆಚ್ಚು ಭಾರವಾಗಬೇಕು. ಅದನ್ನು ತೀರಿಸುವ ದಾರಿ ಮೆಚ್ಚಿಸುವುದಲ್ಲ. ಮಾಡಿದ್ದನ್ನು ಕೊಟ್ಟವರ ಊರಿಗೇ ಹೊತ್ತೊಯ್ದು, ಪರದೆ ಕಟ್ಟಿ, ಅವರ ಎದುರು ನಿಲ್ಲುವುದು. ಒಡೆಸ್ಸಾದವರು ಚಿತ್ರವನ್ನು ಜನರ ನಡುವೆಯೇ ತೋರಿಸುತ್ತ ಹೋದರು. ಪ್ರಶಸ್ತಿಗಾಗಿ ಮಾತ್ರ ಚಿತ್ರ ಮಾಡಿ, ತನ್ನ ಜನ ನೋಡಲಿಲ್ಲವೆಂದು ಕೊರಗುವವನಿಗಿಂತ ಇದು ಪ್ರಾಮಾಣಿಕ.

1987ರಲ್ಲಿ ಜಾನ್ ತೀರಿಕೊಂಡಾಗ ಅವರು ಮುಗಿಸಿದ್ದ ಕಥಾಚಿತ್ರಗಳು ನಾಲ್ಕೇ. ಅವರ ಬಡತನವನ್ನು ನಾವು ದಂತಕಥೆ ಮಾಡಿ ಸವಿಯುತ್ತೇವೆ. ಅದೂ ಒಂದು ಬಗೆಯ ಋಣ, ನಾವಿನ್ನೂ ತೀರಿಸದ್ದು. ಕಷ್ಟಪಟ್ಟ ಕಲಾವಿದನನ್ನು ಹೊಗಳುವುದು ಸುಲಭ. ಅವನು ಊರಿಗೆ ಬಂದು ಕೈಚಾಚಿದ ದಿನ ಜೇಬಿಗೆ ಕೈಹಾಕುತ್ತೇವೆಯೇ ಎಂಬುದು ನಮ್ಮ ಪಾಲಿನ ಪ್ರಶ್ನೆ.