ತಪ್ಪಿ ಬಂದ ಹಣವೂ ಗೃಹಸ್ಥಧರ್ಮವೂ

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿಯಲ್ಲಿ ಸುಮಾರು 80 ಕಿಲೋಮೀಟರ್ ಸಾಗಿದರೆ ದೌಂಡ್ ತಾಲೂಕಿಗೆ ಸೇರಿದ ಕುರಕುಂಭವೆಂಬ ಊರು ಸಿಗುತ್ತದೆ. ಅಲ್ಲಿ ಒಂದೆಡೆ ಫಿರಂಗಾಯಿ ದೇವಿಯ ಗುಡಿ. ಇನ್ನೊಂದೆಡೆ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ವಸಾಹತು, ಅದರ ರಾಸಾಯನಿಕ ಕಾರ್ಖಾನೆಗಳ ಸಾಲು. ದೈವವೂ ದುಡಿಮೆಯೂ ಹೀಗೆ ನೆರೆಹೊರೆಯಾಗಿರುವ ಊರಿನಲ್ಲಿ ಹುಟ್ಟಬಹುದಾದ ಒಂದು ಧರ್ಮಸಂಕಟವನ್ನು ಈ ನವರಾತ್ರಿಯ ಪುಣ್ಯಕಾಲದಲ್ಲಿ ವಿಚಾರಿಸುವುದು ಉಚಿತವಾಗಿದೆ.

ಕಲಬುರಗಿಯ ಕಡೆಯಿಂದ ಕೂಲಿಗಾಗಿ ಅಲ್ಲಿಗೆ ಬಂದ ಒಬ್ಬ ಗುತ್ತಿಗೆ ಕಾರ್ಮಿಕನನ್ನು ಕಲ್ಪಿಸಿಕೊಳ್ಳಬಹುದು. ಅವನ ತಿಂಗಳ ಸಂಬಳ 15,000 ರೂಪಾಯಿ. ದಸರೆಯ ಮುಂಚಿನ ವಾರ ಅವನ ಖಾತೆಗೆ ಅದೇ ಮೊತ್ತವು ಎರಡು ಬಾರಿ ಜಮೆಯಾಗುತ್ತದೆ. ಗುತ್ತಿಗೆದಾರನಿಗೆ ಇದರ ಅರಿವಿಲ್ಲ. ಊರಿನಲ್ಲಿ ಮಗಳ ಶಾಲೆಯ ಫೀಸು ಬಾಕಿಯಿದೆ. ತಾಯಿಯ ಔಷಧಕ್ಕೆ ಮಾಡಿದ ಸಾಲವೂ ತೀರಿಲ್ಲ. 'ಕೇಳದೆಯೇ ದೇವಿಯು ಕೊಟ್ಟಳು' ಎಂದು ಮನಸ್ಸು ಪಿಸುಗುಟ್ಟುತ್ತದೆ. ಹಾಗಾದರೆ ಆ ಎರಡನೆಯ ಹದಿನೈದು ಸಾವಿರವು ಪ್ರಸಾದವೋ, ಪರಧನವೋ?

ಈ ಪ್ರಶ್ನೆಯನ್ನು ಲಘುವಾಗಿ ನೋಡಲಾಗದು. ಉಂಡು ತೇಗುವವನು ಹಸಿದವನಿಗೆ ನೀತಿ ಹೇಳುವುದು ಸುಲಭ. ಕೊಡಬೇಕಾದುದನ್ನು ತಿಂಗಳುಗಟ್ಟಲೆ ತಡೆಹಿಡಿಯುವ ಧಣಿಗಳು ಲೋಕದಲ್ಲಿರುವಾಗ, ಹೆಚ್ಚಾಗಿ ಬಂದುದನ್ನು ಬಡವನು ಮಾತ್ರ ಏಕೆ ಮರಳಿಸಬೇಕೆಂದು ಕೇಳುವವರೂ ಉಂಟು. ಆ ಕೇಳಿಕೆಯಲ್ಲಿರುವ ನೋವು ನಿಜವಾದುದು. ಆದರೆ ನೋವು ನಿಜವೆಂದ ಮಾತ್ರಕ್ಕೆ ಹಣದ ಒಡೆತನವು ಬದಲಾಗುವುದಿಲ್ಲ.

ದಾನವೆಂದರೇನೆಂಬುದನ್ನು ನಮ್ಮ ಧರ್ಮಶಾಸ್ತ್ರಕಾರರು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಕೊಡುವವನು ತನ್ನ ವಸ್ತುವಿನ ಮೇಲಿನ ಸ್ವಾಮ್ಯವನ್ನು ತಿಳಿದು ತ್ಯಜಿಸಬೇಕು. ಪಡೆಯುವವನಲ್ಲಿ ಆ ಸ್ವಾಮ್ಯವು ನೆಲೆಗೊಳ್ಳಬೇಕು. ಅದಕ್ಕೆಂದೇ ಸಂಕಲ್ಪ, ಅದಕ್ಕೆಂದೇ ಧಾರೆಯ ನೀರು. ಲೆಕ್ಕದ ಗುಮಾಸ್ತನ ಬೆರಳು ತಪ್ಪಿ ಹೋದ ಹಣದಲ್ಲಿ ಇಂಥ ಸಂಕಲ್ಪವೆಲ್ಲಿ? ಅಲ್ಲಿ ವಸ್ತುವು ಸ್ಥಳವನ್ನು ಬದಲಿಸಿತೇ ಹೊರತು ಒಡೆಯನನ್ನು ಬದಲಿಸಲಿಲ್ಲ. ಮನುಷ್ಯರ ಮರೆವಿಗೆ ದೇವರ ಮುದ್ರೆಯೊತ್ತಿ ಅದನ್ನು ಪ್ರಸಾದವೆಂದು ಕರೆದರೆ, ಭಕ್ತಿಯ ಹೆಸರಿನಲ್ಲಿ ಲೋಭಕ್ಕೇ ಆರತಿಯೆತ್ತಿದಂತಾಗುತ್ತದೆ.

ಇದನ್ನು ಕನ್ನಡನಾಡು ಹನ್ನೆರಡನೆಯ ಶತಮಾನದಲ್ಲಿಯೇ ಒಂದು ಬಡಕುಟುಂಬದ ಮೂಲಕ ಕಲಿತಿದೆ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳಿಗೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಕಾಯಕ. ಆದುದರಿಂದಲೇ ಅವರಿಗೆ 'ಆಯ್ದಕ್ಕಿ' ಎಂಬ ವಿಶೇಷಣ. ಒಂದು ದಿನ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಸಂತೋಷಪಡಲಿಲ್ಲ. ಇಷ್ಟೇಕೆ ಬಂದಿತೆಂದು ಪ್ರಶ್ನಿಸಿ, ಹೆಚ್ಚಾದುದನ್ನು ಬಂದಲ್ಲಿಗೇ ಮರಳಿಸಿ ಬರುವಂತೆ ಪತಿಗೆ ಹೇಳಿದಳು. ಆ ಅಕ್ಕಿಯನ್ನು ಕದ್ದು ತಂದಿರಲಿಲ್ಲ. ಯಾವ ರಾಜಶಾಸನವೂ ಅದನ್ನು ಅಪರಾಧವೆನ್ನುತ್ತಿರಲಿಲ್ಲ. ಆದರೂ ತನ್ನ ಕಾಯಕಕ್ಕೆ ಸಲ್ಲದ ಒಂದು ಹಿಡಿಯು ಮನೆಯೊಳಗೆ ಉಳಿಯುವುದನ್ನು ಅವಳು ಒಪ್ಪಲಿಲ್ಲ. ಗಮನಿಸಬೇಕಾದ ಮಾತೆಂದರೆ, ಈ ತೀರ್ಪನ್ನು ನೀಡಿದವಳು ಅರಮನೆಯ ಪಂಡಿತಳಲ್ಲ. ನಾಳೆಯ ಊಟಕ್ಕೆ ನಾಳೆಯೇ ದುಡಿಯಬೇಕಾದ ಹೆಣ್ಣುಮಗಳು. ಪ್ರಾಮಾಣಿಕತೆಯು ಉಳ್ಳವರ ಒಡವೆಯೆಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಲೌಕಿಕ ನ್ಯಾಯವೂ ಇದೇ ಹಾದಿಯಲ್ಲಿದೆ. 1872ರ ಭಾರತೀಯ ಕರಾರು ಅಧಿನಿಯಮದ 72ನೆಯ ಕಲಮಿನಂತೆ, ತಪ್ಪಿನಿಂದ ಸಂದಾಯವಾದ ಹಣವನ್ನು ಪಡೆದವನು ಮರಳಿಸಲೇಬೇಕು. ಇಬ್ಬರ ನಡುವೆ ಯಾವ ಕರಾರೂ ಇರಬೇಕಾಗಿಲ್ಲ; ಹಣವು ತಪ್ಪಿ ಬಂದುದೇ ಋಣಕ್ಕೆ ಸಾಕು. ದಂಡಶಾಸ್ತ್ರವು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಭಾರತೀಯ ದಂಡ ಸಂಹಿತೆಯ 403ನೆಯ ಕಲಮಿನಲ್ಲಿದ್ದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮಿಗೆ ಬಂದಿರುವ ವಿಧಿಯು ಬಹು ಮಾರ್ಮಿಕವಾಗಿದೆ. ತನ್ನದೆಂದು ಶುದ್ಧಮನಸ್ಸಿನಿಂದ ನಂಬಿ ಪರರ ವಸ್ತುವನ್ನು ಎತ್ತಿಕೊಂಡವನು ಕಳ್ಳನಲ್ಲ. ಆದರೆ ತಪ್ಪು ತಿಳಿದ ಮೇಲೂ ಅದನ್ನು ದುರ್ಭಾವದಿಂದ ಬಳಸಿಕೊಂಡರೆ ಅವನು ಅಪರಾಧಿ. ಹಣ ಬಂದುದು ಪಾಪವಲ್ಲ. ಅರಿತ ಬಳಿಕದ ಮೌನವೇ ಪಾಪ. ಧರ್ಮವೂ ಕಾನೂನೂ ಕೂಡುವ ಬಿಂದು ಇದೇ.

'ದೊಡ್ಡ ಸಂಸ್ಥೆಗೆ ಇದೊಂದು ನಷ್ಟವೇ?' ಎಂಬುದು ಮತ್ತೊಂದು ಸಮಾಧಾನ. ದೊಡ್ಡವರೂ ಇದೇ ಪ್ರಲೋಭನೆಗೆ ಸಿಲುಕುತ್ತಾರೆಂಬುದಕ್ಕೆ ಅಮೆರಿಕದ ಒಂದು ಪ್ರಕರಣವೇ ಸಾಕ್ಷಿ. 2020ರ ಆಗಸ್ಟಿನಲ್ಲಿ ಸಿಟಿಬ್ಯಾಂಕು ರೆವ್ಲಾನ್ ಕಂಪನಿಯ ಸಾಲಿಗರಿಗೆ ಬಡ್ಡಿಯಾಗಿ ಸುಮಾರು 78 ಲಕ್ಷ ಡಾಲರು ಕಳುಹಿಸುವ ಬದಲು, ಕಣ್ತಪ್ಪಿನಿಂದ ಸುಮಾರು 90 ಕೋಟಿ ಡಾಲರು ಕಳುಹಿಸಿಬಿಟ್ಟಿತು. ಕೆಲವರು ಮರಳಿಸಿದರು; ಸುಮಾರು 50 ಕೋಟಿಯನ್ನು ಉಳಿದವರು ಹಿಡಿದುಕೊಂಡರು. ಸಾಲವು ಹೇಗೂ ತಮಗೆ ಬರಬೇಕಾದುದೇ ಎಂಬುದು ಅವರ ವಾದ. 2021ರಲ್ಲಿ ಕೆಳಗಿನ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತರೂ, 2022ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ತೀರಿಸುವ ಅವಧಿ ಬಂದಿರಲಿಲ್ಲ. ಅಷ್ಟು ದೊಡ್ಡ ಮೊತ್ತವನ್ನು ಕಂಡಾಗ ವಿಚಾರಿಸಬೇಕಿತ್ತು ಎಂಬುದು ಅದರ ಅಭಿಪ್ರಾಯ. ಬರಬೇಕಾದ ಸಾಲಕ್ಕೇ ಈ ನಿಯಮವಾದರೆ, ಬರಬೇಕಾಗಿಲ್ಲದ ಹಣದ ಮಾತೇನು?

ಅಲ್ಲದೆ, ಸಂಸ್ಥೆಯು ದೊಡ್ಡದಾದರೂ ತಪ್ಪು ಮಾಡಿದ ಕೈ ಚಿಕ್ಕದು. ಮಹಾನಗರಗಳ ಬ್ಯಾಂಕುಗಳಲ್ಲಿಯೂ ಹೋಟೆಲುಗಳ ಗಲ್ಲಾದ ಮುಂದೆಯೂ ಕುಳಿತು ಬಾಳು ಸವೆಸಿದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಲೆಕ್ಕ ಕೂಡಿಸುವಾಗ ನೂರು ರೂಪಾಯಿ ಕಡಿಮೆಯಾದರೆ, ಅದು ಬಹುಮಟ್ಟಿಗೆ ಕ್ಯಾಷಿಯರನ ಜೇಬಿನಿಂದಲೇ ಬರಬೇಕು. ಹೆಚ್ಚು ಚಿಲ್ಲರೆ ಪಡೆದು ಮುಗುಳ್ನಕ್ಕು ಹೋದ ಗಿರಾಕಿಯು ಆ ಕ್ಯಾಷಿಯರನ ಮಕ್ಕಳ ಹಾಲನ್ನು ಕೊಂಡೊಯ್ದಿರುತ್ತಾನೆ.

ಇಷ್ಟು ಹೇಳಿದ ಮೇಲೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡುವುದು ನ್ಯಾಯ. ಲೆಕ್ಕದ ತಪ್ಪಿನಿಂದ ತನಗೆ ಹೆಚ್ಚು ವೇತನ ಬರುತ್ತಿದೆಯೆಂದು ತಿಳಿಯದೆಯೇ ವರ್ಷಗಟ್ಟಲೆ ಪಡೆದು ಸಂಸಾರಕ್ಕೆ ವ್ಯಯಿಸಿದವನ ಗತಿಯೇನು? ನಿವೃತ್ತಿಯ ಹೊಸ್ತಿಲಲ್ಲಿ ಅವನನ್ನು ತಡೆದು ಎಲ್ಲವನ್ನೂ ಒಮ್ಮೆಗೇ ಕಕ್ಕೆನ್ನುವುದು ಧರ್ಮವೇ? 2014ರ ಡಿಸೆಂಬರ್ 18ರಂದು ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಕರುಣೆಯ ಉತ್ತರವನ್ನು ನೀಡಿತು. ಮೂರನೆಯ ಮತ್ತು ನಾಲ್ಕನೆಯ ದರ್ಜೆಯ ನೌಕರರಿಂದ, ನಿವೃತ್ತರಿಂದ, ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ, ಹಾಗೂ ಐದು ವರ್ಷಗಳಿಗೂ ಮೀರಿ ಹೆಚ್ಚುವರಿ ಪಾವತಿ ನಡೆದಿದ್ದಲ್ಲಿ ವಸೂಲು ಮಾಡುವುದು ಸಲ್ಲದೆಂದು ವಿಧಿಸಿತು. ಸ್ವಾಮ್ಯವು ಒಡೆಯನದಾದರೂ ಅದನ್ನು ಕೇಳುವ ರೀತಿಯಲ್ಲಿ ನಿರ್ದಯೆಯಿರಬಾರದೆಂಬುದು ಇದರ ತಿರುಳು. ತನ್ನ ಲೆಕ್ಕವನ್ನು ತಾನು ನೋಡಿಕೊಳ್ಳದ ಧಣಿಯು ಆ ಅಲಕ್ಷ್ಯದ ಭಾರವನ್ನೆಲ್ಲ ಕೂಲಿಯವನ ಹೆಗಲಿಗೆ ಹೊರಿಸಲಾಗದು.

ಆದರೆ ಈ ಕರುಣೆಯು ಅರಿಯದವನಿಗೆ ಸಲ್ಲುತ್ತದೆಯೇ ಹೊರತು, ಅರಿತೂ ಅಡಗಿಸಿಟ್ಟವನಿಗಲ್ಲ. ಕುರಕುಂಭದ ಆ ಕಾರ್ಮಿಕನು ಎರಡು ಜಮೆಗಳನ್ನೂ ಕಂಡಿದ್ದಾನೆ. ಕಂಡ ಕ್ಷಣದಿಂದ ಆ ಹಣವು ಅವನಲ್ಲಿ ನ್ಯಾಸವಾಗಿ, ಅಂದರೆ ಪರರು ನಂಬಿ ಇಟ್ಟ ನಿಧಿಯಂತೆ, ಇರತಕ್ಕದ್ದು. ಅವನು ಅದನ್ನು ಮುಟ್ಟದೆ ಗುತ್ತಿಗೆದಾರನಿಗೂ ಬ್ಯಾಂಕಿಗೂ ತಿಳಿಸಬೇಕು. ಅಗತ್ಯವಿದ್ದರೆ ಅದೇ ಹಣವನ್ನು ಸಾಲವಾಗಿ ಬೇಡಲು ನಾಚಿಕೆಪಡಬೇಕಾಗಿಲ್ಲ. ಆಗಲೇ ಖರ್ಚಾಗಿದ್ದರೆ ಕಂತುಗಳಲ್ಲಿ ತೀರಿಸುವೆನೆಂದು ಹೇಳಬಹುದು. ಬೇಡಿ ಪಡೆದುದರಲ್ಲಿ ಮಾನವಿದೆ; ಬಚ್ಚಿಟ್ಟುದರಲ್ಲಿ ಬರಿಯ ಭಯವಿದೆ.

ಮೊಬೈಲಿನಲ್ಲಿ ಹಣ ಕಳುಹಿಸುವ ಈ ಕಾಲದಲ್ಲಿ ವಿವೇಕದ ಮಾತೊಂದನ್ನು ಸೇರಿಸಬೇಕಾಗಿದೆ. 'ತಪ್ಪಿ ನಿಮ್ಮ ಖಾತೆಗೆ ಹಣ ಹಾಕಿದೆ, ಕೂಡಲೇ ಕಳುಹಿಸಿ' ಎಂದು ಅಪರಿಚಿತರು ಅವಸರಪಡಿಸುವುದು ವಂಚಕರ ತಂತ್ರವೂ ಆಗಿರುತ್ತದೆ. ಆದುದರಿಂದ ಖಾತೆಯ ಲೆಕ್ಕವನ್ನು ಮೊದಲು ಪರೀಕ್ಷಿಸಿ, ಬ್ಯಾಂಕಿಗೆ ಬರಹದಲ್ಲಿ ತಿಳಿಸಿ, ಬ್ಯಾಂಕಿನ ಮೂಲಕವೇ ಮರಳಿಸುವುದು ಲೇಸು. ಧರ್ಮವು ಮುಗ್ಧತೆಯನ್ನು ಮೆಚ್ಚುತ್ತದೆ, ಮೂಢತೆಯನ್ನು ಬೇಡುವುದಿಲ್ಲ.

ಮಹಾನವಮಿಯಂದು ಆಯುಧಪೂಜೆಯಲ್ಲಿ ಯಂತ್ರಗಳಿಗೂ ತಕ್ಕಡಿ, ಲೆಕ್ಕದ ಪುಸ್ತಕಗಳಿಗೂ ಅರಿಶಿನ ಕುಂಕುಮವನ್ನಿಟ್ಟು ನಮಿಸುವ ಸಂಪ್ರದಾಯವು ನಮ್ಮಲ್ಲಿದೆ. ಪರರ ಒಂದು ಕಾಸನ್ನು ಅರಿತೂ ಒಳಗಿಟ್ಟುಕೊಂಡ ಪುಸ್ತಕಕ್ಕೆ ಎಷ್ಟು ಕುಂಕುಮ ಹಚ್ಚಿದರೇನು? ದೂರದ ಊರುಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಅಲ್ಲಿನ ಜನರು ಮೊದಲು ಕೊಟ್ಟ ಬಂಡವಾಳವೆಂದರೆ ನಂಬಿಕೆ. ಆ ಬಂಡವಾಳವು ಕರಗದಂತೆ ಕಾಯುವ ಬುದ್ಧಿಯನ್ನೂ, ತನ್ನದಲ್ಲದುದನ್ನು ತನ್ನದಲ್ಲವೆನ್ನುವ ಧೈರ್ಯವನ್ನೂ ಜಗನ್ಮಾತೆಯು ಸಕಲರಿಗೂ ಕರುಣಿಸಲಿ.